ಬಕೇಟಿಗೆ ಮೂರು ರೂಪಾಯಿ ನಲವತ್ತು ಪೈಸೆ

ಅಷ್ಟೂ ರಂಪಾಟಕ್ಕೆ ಕಾರಣ ಒಂದೇ ಒಂದು ಚರಿಗೆ ನೀರು.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ವೆಂಕೋಬ ಮೈತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಬಿಸಿನೀರಿನ ನಳಕ್ಕೆ ಚರಿಗೆ ಹಿಡಿದು, ತುಂಬಿದ್ದನ್ನು ಭರವಸೆಯಿಂದ ನೆತ್ತಿಯ ಮೇಲೆ ಸುರಿದುಕೊಂಡ. ಮರುಕ್ಷಣ ಅವನ ಬಾಯಿಂದ ಹೊರಟ ಸದ್ದು ಕೇಳಿ ಕೆಳಗಿನ ಮನೆಯ ಬಾಬಾಸಾಬ, ತನ್ನ ಆಟೋದ ಹಾರ್ನು ತಾನಾಗಿಯೇ ಒದರತೊಡಗಿತೆಂದು ಓಡಿ ಹೊರಗೆ ಬಂದ.

ಗಂಗಾವತಿಯಲ್ಲಿ ಅಮರಪ್ಪನವರ ಕಟ್ಟಡವೆಂದರೆ ಆರು ಮನೆ. ಹಿತ್ತಲಲ್ಲಿ ಒಂದು ದೊಡ್ಡ ಬಾಯ್ಲರ್. ಊರ ತುಂಬ ಅಕ್ಕಿ ಗಿರಣಿಗಳಿರುವಾಗ ಭತ್ತದ ಹೊಟ್ಟಿಗೇನು ಬರ? ಅದನ್ನೇ ಉರಿಸಿ ನೀರು ಕಾಯಿಸಿ, ಕೊಳವೆಯಲ್ಲಿ ಆರೂ ಮನೆಗೆ ಬಿಡುತ್ತಿದ್ದರು. ಬಾಡಿಗೆಯ ಜೊತೆ ಮನೆಗೆ ತಿಂಗಳಿಗೆ ನಾನೂರು ರೂಪಾಯಿ. ವೆಂಕೋಬನ ಮನೆ ಮೇಲ್ಮಹಡಿಯ ತುದಿಗೆ. ಐದು ಮನೆ ದಾಟಿ ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿನೀರು ಪಂಕ್ತಿಯ ಕೊನೆಗೆ ಬಂದ ತುಪ್ಪದ ಹಾಗೆ ಹೆಸರಿಗೆ ಮಾತ್ರ ಉಳಿದಿರುತ್ತಿತ್ತು.

ಟವೆಲ್ಲು ಸುತ್ತಿಕೊಂಡು ಮನೆಗಳ ಮುಂದಿನ ತೆರೆದ ಪಡಸಾಲೆಗೆ ಬಂದ ವೆಂಕೋಬ ಆಕಾಶಕ್ಕೆ ಕೇಳುವ ಹಾಗೆ ಹೇಳಿದ: "ನಾನೂರು ರೂಪಾಯಿ ಕೊಟ್ಟು ತಣ್ಣೀರು ಜಳಕ! ಇದಕ್ಕಿಂತ ಗ್ಯಾಸ್ ಗೀಜರ್ ಸಸ್ತಾ ಬೀಳತೈತಿ!"

ಆಕಾಶಕ್ಕೆ ಕೇಳಿತೋ ಇಲ್ಲವೋ, ನಡುಮನೆಯ ಶಂಕ್ರಮ್ಮನಿಗೆ ಕೇಳಿತು. ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಒಬ್ಬ ಮೊಮ್ಮಗಳು, ತಾನು, ಹೀಗೆ ಆರು ಮಂದಿಯ ಸಂಸಾರ ಅವಳದು. ಬಾಯ್ಲರ್ ಹಾಕಿಸಿ ಎಂದು ಅಮರಪ್ಪನವರಿಗೆ ಎರಡು ವರ್ಷ ಗಂಟುಬಿದ್ದವಳೂ ಅವಳೇ. ಆ ಬಾಯ್ಲರನ್ನು ಯಾರಾದರೂ ಒಂದು ಮಾತು ಅಂದರೆ ಅವಳ ಮೂರನೆಯ ಮಗನನ್ನು ಅಂದಂತೆ.

"ಏನಂದಿ ವೆಂಕೋಬಪ್ಪ? ಹೊಟ್ಟಿನ ಬೆಂಕಿಗಿಂತ ಗ್ಯಾಸ್ ಸಸ್ತಾ? ಹಿಂಗ ಅಂದವನ್ನ ಗಂಗಾವತ್ಯಾಗ ಇವತ್ತೇ ನೋಡಿದೆ ನಾ."

"ಅಂದಾಜಿಲೆ ಮಾತಾಡೋ ಮನಷ್ಯಾ ಅಲ್ರಿ ನಾ. ತೂಕದ ಮನಷ್ಯಾ."

ಅದು ಸುಳ್ಳಲ್ಲ. ಮರಳಿ ರಸ್ತೆಯ ಅಕ್ಕಿ ಗಿರಣಿಯೊಂದರಲ್ಲಿ ಹದಿನೇಳು ವರ್ಷದಿಂದ ಅವನು ಭತ್ತದ ಲಾರಿ, ಟ್ರ್ಯಾಕ್ಟರುಗಳನ್ನು ತೂಗುವ ಗುಮಾಸ್ತ. ಅವನು ಬರೆದ ಚೀಟಿ ಹಿಡಿದು ಇಲ್ಲಿಯತನಕ ಒಬ್ಬ ರೈತನೂ ಜಗಳಕ್ಕೆ ಬಂದಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಂಡರೂ ಅಂಗೈಯಲ್ಲಿ ತೂಗಿ, "ಇಪ್ಪತ್ತು ಗ್ರಾಂ ಕಡಿಮಿ ಐತಿ" ಎನ್ನುತ್ತಿದ್ದ. ಕಡಿಮೆ ಇದ್ದೇ ಇರುತ್ತಿತ್ತು.

ಗದ್ದಲ ಕೇಳಿ ಅಮರಪ್ಪನವರೇ ಚಹಾದ ಬಸಿ ಹಿಡಿದು ಮೇಲೆ ಬಂದರು. ಎರಡೂ ಕಡೆಯ ಮಾತು ಕೇಳಿ, ಬಸಿ ಖಾಲಿ ಮಾಡಿ ತೀರ್ಮಾನ ಕೊಟ್ಟರು.

"ಸಂಜಿಯೊಳಗ ತೋರಿಸಪಾ ವೆಂಕೋಬ. ನಿನ್ನ ಮಾತು ಖರೇ ಆದ್ರ ನಿನ್ನ ನಾನೂರು ಬಿಟ್ಟೆ, ಗೀಜರ್ ಹಾಕ್ಕೋ. ಸುಳ್ಳಾತು, ಬಾಯ್ಲರಿಗಿ ಕೈಮುಗಿದು ಮಾಫಿ ಕೇಳಿ, ಕಟ್ಟಡಕ್ಕೆಲ್ಲಾ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಸು."

"ಒಪ್ಪಿದೆ!" ಎಂದ ವೆಂಕೋಬ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಅದು "ಒಪ್ಪಪ್ಪಪ್ಪಿದೆ" ಎಂದು ಕೇಳಿಸಿತು.

ಹೆಂಡತಿ ಮಹೇಶ್ವರಿ ಒಳಗೆ ಕರೆದು ಬೈದಳು. "ಒಂದು ಚರಿಗಿ ತಣ್ಣೀರಿಗಿ ಊರೆಲ್ಲಾ ಕೂಡಸಬೇಕಿತ್ತೇನ್ರಿ?" ಆದರೆ ಬೈಯುವಾಗಲೂ ಅವಳ ಕಣ್ಣಲ್ಲಿ ಒಂದು ಹೊಳಪಿತ್ತು. ಗಂಡ ಎಡವಬಹುದು, ಮರೆಯಬಹುದು, ಆದರೆ ಲೆಕ್ಕದಲ್ಲಿ ಸೋಲುವುದಿಲ್ಲ ಎಂಬುದು ಅವಳ ಪಾಲಿಗೆ ತಾಳಿಯಷ್ಟೇ ಗಟ್ಟಿ.

ಬಾಬಾಸಾಬನ ಆಟೋ ಎರಡು ಸಲ ಓಡಿತು. ಮೊದಲ ಸಲ ಪರಿಚಯದ ಅಂಗಡಿಯಿಂದ, ಬೇಡವಾದರೆ ವಾಪಸು ಕೊಡುವ ಕರಾರಿನ ಮೇಲೆ ಒಂದು ಗ್ಯಾಸ್ ಗೀಜರ್ ಬಂತು. ಎರಡನೆಯ ಸಲ ಗಿರಣಿಯಿಂದ ಚೀಲ ತೂಗುವ ಬ್ಯಾಟರಿ ಯಂತ್ರ. ಬಚ್ಚಲೊಳಗೆ ಬೆಂಕಿ ಬೇಡವೆಂದು ಅಮರಪ್ಪನವರು ಹಟ ಹಿಡಿದದ್ದರಿಂದ ಗೀಜರು ಕಿಟಕಿಯ ಹೊರಗೆ, ಪಡಸಾಲೆಯ ಗೋಡೆಗೆ ಕುಳಿತಿತು. ಅದರ ಪಕ್ಕ ಯಂತ್ರದ ಮೇಲೆ ಮನೆಯ ಎರಡನೆಯ ಸಿಲಿಂಡರು. ಕೆಂಪು ಅಂಕಿಗಳು ಹೊತ್ತಿಕೊಂಡವು: ಇಪ್ಪತ್ತೆರಡು ಕಿಲೋ ನಾನೂರಾ ಅರವತ್ತು ಗ್ರಾಂ.

"ನೀರು ಎಷ್ಟು ಬಿಸಿ ಇರಬೇಕು? ಅದನ್ನ ಮೊದಲು ಹೇಳು," ಎಂದಳು ಶಂಕ್ರಮ್ಮ. "ನೀ ಉಗುರುಬೆಚ್ಚಗ ಮಾಡಿ ಗ್ಯಾಸ್ ಉಳಸ್ತಿ."

ಬಾಬಾಸಾಬ ಓಡಿಹೋಗಿ ಹೆಂಡತಿ ಫಾತಿಮಾಬೀಯ ಹತ್ತಿರವಿದ್ದ ಜ್ವರ ನೋಡುವ ಕಡ್ಡಿ ತಂದ. ಬಕೇಟಿನಲ್ಲಿ ಅದ್ದಿದ್ದೇ ತಡ, ಅದು ಪೀಂ ಪೀಂ ಎಂದು ಅರಚತೊಡಗಿತು.

"ಬಕೇಟಿಗಿ ಭಾಳ ಜ್ವರ ಬಂದಾವ್ರಿ," ಎಂದ ಬಾಬಾಸಾಬ ಗಂಭೀರವಾಗಿ.

ಕಡ್ಡಿ ಅರಚುವಷ್ಟು ಬಿಸಿಯಾದರೆ ಸಾಕು ಎಂದು ಎಲ್ಲರೂ ಒಪ್ಪಿದರು. ಆದರೆ ಒಂದು ಬಕೇಟಿನಿಂದ ಏನು ಗೊತ್ತಾಗುತ್ತದೆ? ಹತ್ತಾದರೂ ಬೇಕು. ಕಾಯಿಸಿದ ಹತ್ತು ಬಕೇಟನ್ನು ಚೆಲ್ಲುವುದು ಪಾಪ. ಆದ್ದರಿಂದ ಮಂದಿ ಜಳಕ ಮಾಡಲಿ ಎಂದು ಅಮರಪ್ಪನವರು ಅಪ್ಪಣೆ ಕೊಟ್ಟರು.

ಆಗ ಶುರುವಾಯಿತು ನೋಡಿ. ಆಗಲೇ ಒಮ್ಮೆ ಜಳಕ ಮುಗಿಸಿದವರೆಲ್ಲ ಟವೆಲ್ಲು ಹೆಗಲಿಗೇರಿಸಿ ವೆಂಕೋಬನ ಬಾಗಿಲಲ್ಲಿ ರೇಷನ್ ಅಂಗಡಿಯ ಹಾಗೆ ಸಾಲುಗಟ್ಟಿದರು. ಶಂಕ್ರಮ್ಮ ತಲೆಗೆ ಎಣ್ಣೆ ಒತ್ತಿಕೊಂಡೇ ಬಂದಳು. ಅಮರಪ್ಪನವರು ಒಳಗೆ ಹೋಗಿ ಅರ್ಧ ತಾಸು ವಚನ ಹಾಡಿದರು. ಬಾಬಾಸಾಬ ಎರಡು ಸಲ ಒಳಹೊಕ್ಕು, "ಮೊದಲನೇದು ಪರೀಕ್ಷಾಕ್ಕ, ಎರಡನೇದು ನನಗ" ಎಂದ. ಮಹೇಶ್ವರಿ ಬಂದವರಿಗೆಲ್ಲ ಚಹಾ ಮಾಡಿ ಸುಸ್ತಾದಳು. ಇಷ್ಟರ ನಡುವೆ, ಬೆಳಿಗ್ಗೆ ಹಚ್ಚಿದ ಸೋಪು ವೆಂಕೋಬನ ಮೈಮೇಲೆ ಒಣಗಿ ಅವನು ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಾಗಿದ್ದನ್ನು ಯಾರೂ ಗಮನಿಸಲಿಲ್ಲ.

ಏಳನೆಯ ಬಕೇಟಿಗೆ ಗೀಜರು ಒಮ್ಮೆ ಬಿಕ್ಕಳಿಸಿ ಆರಿತು. ಮೇಲಿನ ಟಾಕಿ ಖಾಲಿ, ಕರೆಂಟಿಲ್ಲ, ಪಂಪಿಲ್ಲ.

"ನಮ್ಮ ಬಾಯ್ಲರಾದ್ರ ಹಿಂಗ ಕೈ ಕೊಡ್ತಿದ್ದಿಲ್ಲ," ಎಂದಳು ಶಂಕ್ರಮ್ಮ ತಲೆ ಒರೆಸಿಕೊಳ್ಳುತ್ತ. ಬಾಯ್ಲರಿಗೂ ಅದೇ ಟಾಕಿಯ ನೀರು ಎಂದು ವಾದಿಸುವ ಬದಲು ವೆಂಕೋಬ ಕೊಡ ಎತ್ತಿಕೊಂಡ. ಅವನು ಕೆಳಗಿನ ಸಂಪಿನಿಂದ ಟಾಕಿಗೆ ಹನ್ನೆರಡು ಕೊಡ ನೀರು ಹೊತ್ತ. ಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟಿದವು. ಆದರೂ ಹೊತ್ತ. ಹದಿನೇಳು ವರ್ಷದ ಹೆಸರಿನ ಪ್ರಶ್ನೆ.

ಮಧ್ಯಾಹ್ನ ಒಂದಕ್ಕೆ ಹತ್ತನೆಯ ಬಕೇಟು ಮುಗಿಯಿತು. ಎಲ್ಲರೂ ಯಂತ್ರದ ಸುತ್ತ ಮುತ್ತಿಕೊಂಡರು. ವೆಂಕೋಬ ಬಗ್ಗಿ ನೋಡಿದ. ಇಪ್ಪತ್ತೈದು ಕಿಲೋ ಇನ್ನೂರು!

"ಯಾ ಅಲ್ಲಾ!" ಬಾಬಾಸಾಬ ಬಾಯಿಮೇಲೆ ಕೈ ಇಟ್ಟುಕೊಂಡ. "ಗ್ಯಾಸ್ ಹೆಚ್ಚಾಗೈತಿ! ಮುಂಜಾನಿಂದ ಉರಿಸಿದ್ರೂ ಮೂರು ಕಿಲೋ ಹೆಚ್ಚಿಗಿ ಆಗೈತ್ರಿ!"

ಅಮರಪ್ಪನವರು ಗೀಜರಿನ ಕಡೆ ಭಕ್ತಿಯಿಂದ ನೋಡಿದರು. ವೆಂಕೋಬ ಇನ್ನೊಮ್ಮೆ ಬಗ್ಗಿ ನೋಡಿದ. ಯಂತ್ರ ಸುಳ್ಳು ಹೇಳುವುದೆಂದರೆ ಅವನಿಗೆ ಸೂರ್ಯ ಪಡುವಣದಲ್ಲಿ ಹುಟ್ಟಿದಂತೆ. ಆಮೇಲೆ ಕಂಡಿತು. ಕನ್ನಡಕ ತರದ ಶಂಕ್ರಮ್ಮ ಅಂಕಿ ಓದಲೆಂದು ಸಿಲಿಂಡರಿನ ಕುತ್ತಿಗೆಗೆ ಕೈ ಊರಿ ಬಗ್ಗಿದ್ದಳು.

"ಶಂಕ್ರಮ್ಮಾರ, ಕೈ ತಗೀರಿ."

ತೆಗೆದಳು. ಇಪ್ಪತ್ತೊಂದು ಕಿಲೋ ಒಂಬೈನೂರು. ಹತ್ತು ಬಕೇಟಿಗೆ ಉರಿದ ಗ್ಯಾಸು ಐನೂರಾ ಅರವತ್ತು ಗ್ರಾಂ.

ವೆಂಕೋಬ ಸೀಮೆಸುಣ್ಣ ಹಿಡಿದು ಪಡಸಾಲೆಯ ಗೋಡೆಯ ಮೇಲೆ ಬರೆಯತೊಡಗಿದ. ಸಿಲಿಂಡರಿನ ಬೆಲೆ, ಅದರೊಳಗಿನ ತೂಕ, ಗ್ರಾಮಿಗೆ ಎಷ್ಟು, ಹತ್ತು ಬಕೇಟಿಗೆ ಎಷ್ಟು. "ಮೂವತ್ತನಾಕು ರೂಪಾಯಿ. ಅಂದ್ರ ಬಕೇಟಿಗಿ ಮೂರು ರೂಪಾಯಿ ನಲವತ್ತು ಪೈಸಾ. ನಾವಿಬ್ರು, ದಿನಕ್ಕ ಎರಡು ಬಕೇಟ್, ತಿಂಗಳಿಗಿ ಅರವತ್ತು. ಇನ್ನೂರಾ ನಾಕು ರೂಪಾಯಿ! ಬಾಯ್ಲರಿಗಿ ನಾನೂರು!"

"ನಿಲ್ಲು, ನಿಲ್ಲು," ಎಂದಳು ಶಂಕ್ರಮ್ಮ. "ನಮ್ಮ ಮನ್ಯಾಗ ಆರು ಮಂದಿ. ನಿನ್ನ ಗ್ಯಾಸಿಲೆ ನಮಗೆಷ್ಟು ಬೀಳತೈತಿ ಅದನ್ನ ಹೇಳು."

ಲೆಕ್ಕ ಕೇಳಿದರೆ ಇಲ್ಲವೆನ್ನುವ ಜಾಯಮಾನ ಅವನದಲ್ಲ. "ಆರುನೂರಾ ಹನ್ನೆರಡು."

"ಬಾಯ್ಲರ್ ನಾನೂರು! ಕೇಳಿದ್ರೆಲ್ಲಾ? ಅವನ ಬಾಯಾಗಿಂದಾನ ಬಂತು!"

ಮತ್ತೆ ಕೂಗಾಟ. ಕೊನೆಗೆ ಅಮರಪ್ಪನವರು ಕೈ ಎತ್ತಿದರು. "ಮನ್ಯಾಗ ಮೂರು ಮಂದಿ ತನಕ ಗ್ಯಾಸ್ ಸಸ್ತಾ, ನಾಕಾದ್ರ ಬಾಯ್ಲರ್ ಸಸ್ತಾ. ಇಬ್ಬರೂ ಖರೇ ಹೇಳ್ಯಾರ. ಆದ್ರ ವೆಂಕೋಬ ಅಂದದ್ದು ಅವನ ಮನಿ ಮಾತು. ಅವನ ಮನಿಗಿ ಅವನ ಗೆದ್ದ."

ಆಡಿದ ಮಾತು ನಡೆಸುವ ಮನುಷ್ಯ ಅಮರಪ್ಪನವರು. ನಾಲ್ಕು ಗಂಟೆಯೊಳಗೆ ನಳ ರಿಪೇರಿಯವನನ್ನು ಕರೆಸಿ, ವೆಂಕೋಬನ ಮನೆಗೆ ಹೋಗುತ್ತಿದ್ದ ಕೊಳವೆ ಕತ್ತರಿಸಿ, ಆರು ತಿಂಗಳಿಂದ ಬಿಸಿನೀರಿಗಾಗಿ ಕಾಡುತ್ತಿದ್ದ ಕೆಳಗಿನ ಕಟಿಂಗ್ ಅಂಗಡಿಗೆ ತಿರುಗಿಸಿಬಿಟ್ಟರು. ಅಂಗಡಿಯವನು ಐನೂರು ಕೊಡಲು ಒಪ್ಪಿದ್ದ.

ವೆಂಕೋಬ ಕೊನೆಗೂ ಜಳಕಕ್ಕೆ ಹೋದ. ಸುಣ್ಣದ ಗೋಡೆ ಕರಗಿ ಮನುಷ್ಯ ಹೊರಬಂದ. ತಿಳಿಗುಲಾಬಿ ಬಣ್ಣದ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಗೋಡೆಯ ಲೆಕ್ಕದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತ. ಮೆಟ್ಟಿಲು ಹತ್ತಿ ಬಂದವರು, ಇಳಿದು ಹೋದವರು, ಎಲ್ಲರಿಗೂ ಲೆಕ್ಕ ವಿವರಿಸಿದ. ಪೇಪರಿನ ಬಿಲ್ಲಿಗೆ ಬಂದವನಿಗೂ ವಿವರಿಸಿದ. ಅವನ ಎದೆ ಹೊಸ ಭತ್ತ ತುಂಬಿದ ಚೀಲದಂತೆ ಉಬ್ಬಿತ್ತು. ಮಹೇಶ್ವರಿ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು.

ಆರು ಗಂಟೆಗೆ ಬಾಬಾಸಾಬನ ಆಟೋ ಬಂದು ನಿಂತಿತು. ಮೊದಲು ಎರಡು ಟ್ರಂಕು ಇಳಿದವು. ಆಮೇಲೆ ಹಾಸಿಗೆಯ ಸುರುಳಿ. ಆಮೇಲೆ ಮಹೇಶ್ವರಿಯ ಅಕ್ಕ ಶಾಂತಕ್ಕ, ಅವಳ ಗಂಡ ಗೋವಿಂದರಾಜ, ಅವನ ತಾಯಿ, ಇಬ್ಬರು ಹೆಣ್ಣುಮಕ್ಕಳು.

ವೆಂಕೋಬ ಕುರ್ಚಿಯಿಂದ ಎದ್ದ. "ಇವರು... ಎಲ್ಲಿಗಿ?"

"ಭಾವಗ ಕುಷ್ಟಗಿಯಿಂದ ಇಲ್ಲಿಗಿ ವರ್ಗಾ ಆಗೈತಲ್ರಿ," ಎಂದಳು ಮಹೇಶ್ವರಿ ಅವನ ಕಿವಿಯಲ್ಲಿ. ಸಂತೋಷಕ್ಕೆ ಅವಳ ಮುಖ ಕೆಂಪಗಾಗಿತ್ತು. "ಇವತ್ತು ಬಂದು ಲಾಡ್ಜಿನ್ಯಾಗ ಇಳೀತೀವಿ ಅಂದಿದ್ರು. ವಯಸ್ಸಾದ ಅತ್ತಿ, ತಣ್ಣೀರಿನ ಮನಿಗಿ ಹೆಂಗ ಕರೀಲಿ ಅಂತ ನಾನೂ ಸುಮ್ಮನಿದ್ದೆ. ಮಧ್ಯಾನ ನೀವು ಗೆದ್ರಿ ನೋಡ್ರಿ, ನನಗ ತಡಕೊಳ್ಳಾಕ ಆಗ್ಲಿಲ್ಲ. ಫೋನ್ ಹಚ್ಚಿ ಅಂದೆ, 'ಅಕ್ಕಾ, ನಮ್ಮನ್ಯಾಗ ಈಗ ಹಗಲೂ ರಾತ್ರಿ ಬಿಸಿನೀರು, ಅದೂ ಬಕೇಟಿಗಿ ಬರೇ ಮೂರು ರೂಪಾಯಿ ನಲವತ್ತು ಪೈಸಾ! ನಮ್ಮ ಮನಿಯವರ ಲೆಕ್ಕ! ಹುಡುಗ್ಯಾರ ಸಾಲಿ ಮುಗಿಯೋ ತನಕ ಇಲ್ಲೇ ಇರ್ರಿ' ಅಂದೆ."

"ಸಾಲಿ ಯಾವಾಗ ಮುಗೀತೈತಿ?"

"ಏಪ್ರಿಲ್‌ದಾಗ."

ವೆಂಕೋಬ ಮೆಟ್ಟಿಲ ಕಡೆ ನೋಡಿದ. ಅಮರಪ್ಪನವರು ಕೆಳಗೆ ನಿಂತು ಟ್ರಂಕುಗಳನ್ನು ನೋಡುತ್ತಿದ್ದರು. "ಕೊಳವಿ ಕಟಿಂಗ್ ಅಂಗಡಿಗಿ ಹೋತಲ್ಲಪಾ," ಎಂದರು ನಿಜವಾದ ಮರುಕದಿಂದ.

ಶಂಕ್ರಮ್ಮ ಅಷ್ಟರಲ್ಲಿ ಬೆರಳು ಮಡಚಿ ತಲೆ ಎಣಿಸಿ ಮುಗಿಸಿದ್ದಳು. ನಗಲಿಲ್ಲ, ಹಂಗಿಸಲಿಲ್ಲ. ಸುಮ್ಮನೆ ಬಂದು ಸೀಮೆಸುಣ್ಣ ಅವನ ಕೈಗೆ ಕೊಟ್ಟಳು. "ಏಳು ಮಂದಿಗಿ ಎಷ್ಟಾತು ವೆಂಕೋಬಪ್ಪ? ನನಗ ಅಷ್ಟು ಬರಂಗಿಲ್ಲ."

ವೆಂಕೋಬ ಗೋಡೆಗೆ ತಿರುಗಿ, ದುಂಡಗಿನ ಅಂಕಿಗಳಲ್ಲಿ ಬರೆದ. ಇನ್ನೂರಾ ಹತ್ತು ಬಕೇಟ್. ಏಳುನೂರಾ ಹದಿನಾಲ್ಕು ರೂಪಾಯಿ.

ಗೋವಿಂದರಾಜ ಚೀಲ ಕೆಳಗಿಟ್ಟು ಗೋಡೆ ದಿಟ್ಟಿಸಿದ. "ಭಾಳ ಆತಲ್ರಿ? ಎಲ್ಲೋ ತಪ್ಪಿರಬೇಕು ನೋಡ್ರಿ."

ವೆಂಕೋಬನ ಎದೆ ಮತ್ತೆ ಉಬ್ಬಿತು. ಗಂಟಲು ಸರಿಪಡಿಸಿಕೊಂಡು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಹೇಳಿದ:

"ತಪ್ಪಾ? ನನ್ನ ಲೆಕ್ಕದಾಗ? ಒಂದು ಪೈಸಾ ಹೆಚ್ಚುಕಡಿಮಿ ಐತಿ ಅಂತ ತೋರಿಸ್ರಿ ನೋಡೋಣು!"

ಅಷ್ಟರಲ್ಲಿ ಶಾಂತಕ್ಕನ ಅತ್ತೆ ಪ್ರಯಾಣದ ಆಯಾಸಕ್ಕೆಂದು ಬಚ್ಚಲಿಗೆ ಹೋಗಿ ನಳ ತಿರುವಿದ್ದಳು. ಗೋಡೆಯ ಮೇಲೆ ಗೀಜರು ಭುಸ್ಸೆಂದು ಹೊತ್ತಿಕೊಂಡಿತು.