ಮೂರು ಹಾಕದ ಮೇಷ್ಟ್ರು

ಪ್ರಿನ್ಸಿಪಾಲರು ಅತಿಥಿ ಉಪನ್ಯಾಸಕ ಚೇತನ್‌ಕುಮಾರನಿಗೆ ಒಪ್ಪಿಸಿದ ಕೆಲಸ ಬಹಳ ಸಣ್ಣದು: ಒಂದು ಹಾಳೆ ಪ್ರಿಂಟ್ ತೆಗೆಯುವುದು. ತೆಗೆದುಕೊಟ್ಟು ಸುಮ್ಮನಿರಬಹುದಿತ್ತು. ಅವನು ಓದಿಬಿಟ್ಟ.

ಅದು ಮಡಿಕೇರಿ ಕಡೆಯ ನಾಪೋಕ್ಲಿನ ಆ ಪುಟ್ಟ ಕಾಲೇಜಿನ ಬಿ.ಕಾಂ. ಮ್ಯಾಪಿಂಗ್ ಪಟ್ಟಿ. ಎಡಗಡೆ ಪಾಠಗಳ ಹೆಸರು. ಮೇಲುಗಡೆ, ಬಿ.ಕಾಂ. ಮುಗಿಸಿದವರಿಗೆ ಏನೇನು ಬರಬೇಕು ಅನ್ನುವ ಹನ್ನೊಂದು ಗುರಿ. ಯಾವ ಪಾಠ ಯಾವ ಗುರಿಗೆ ಎಷ್ಟು ನೆರವಾಗುತ್ತದೆ ಅಂತ ಚೌಕಗಳಲ್ಲಿ ಅಂಕಿ ಹಾಕಬೇಕು: ಚೂರು ಅಂದರೆ ಒಂದು, ಸುಮಾರು ಅಂದರೆ ಎರಡು, ಚೆನ್ನಾಗಿ ಅಂದರೆ ಮೂರು, ಇಲ್ಲವೇ ಇಲ್ಲ ಅಂದರೆ ಖಾಲಿ. ಈ ಪಟ್ಟಿಯಲ್ಲಿ ಖಾಲಿ ಅನ್ನುವುದೇ ಇರಲಿಲ್ಲ. ತೋಟದ ಬೇಲಿಗೆ ಒಂದೇ ಅಳತೆಯ ಗೂಟ ಹೊಡೆದ ಹಾಗೆ ಮೂರು, ಮೂರು, ಮೂರು. ಒಂಬತ್ತನೇ ಗುರಿ 'ಕಡಲತೀರದ ಜೀವಸಂಪತ್ತಿನ ಸಂರಕ್ಷಣೆ'. ಅದಕ್ಕೆ ಆದಾಯ ತೆರಿಗೆ ಪಾಠದಿಂದಲೂ ಮೂರು.

ಚೇತನ್ ಹಾಳೆ ಹಿಡಿದು ಪ್ರಿನ್ಸಿಪಾಲ್ ಪರಮೇಶಪ್ಪನವರ ಕೋಣೆಗೆ ಹೋದ.

"ಸಾರ್, ಇದು ಯಾವುದೋ ಕರಾವಳಿ ಕಾಲೇಜಿಂದ ಕಾಪಿ ಮಾಡಿದ್ದು. ನಮ್ಮಲ್ಲಿ ಸಮುದ್ರ ಎಲ್ಲಿದೆ?"

"ಸಂಪಾಜೆ ಘಾಟಿ ಇಳಿದ್ರೆ ಸಿಗುತ್ತಲ್ಲಯ್ಯ."

"ಇಳಿದ ಮೇಲೂ ಎರಡು ಗಂಟೆ ಬಸ್ಸು, ಸಾರ್."

ಪರಮೇಶಪ್ಪನವರು ಕನ್ನಡಕ ತೆಗೆದರು. "ನಾಲ್ಕು ವರ್ಷದಿಂದ ಇದನ್ನೇ ಕಳಿಸ್ತಿದ್ದೀವಿ. ಒಬ್ಬರೂ ಓದಿರಲಿಲ್ಲ. ಇವತ್ತೇ ಪರಿಶೀಲನಾ ತಂಡ ಬರ್ತಿದೆ, ಇವತ್ತೇ ನೀನು ಓದಿದೆ. ಸರಿ, ಎರಡೂವರೆಯೊಳಗೆ ನೀನೇ ಹೊಸದು ಮಾಡು. ಅವರು ಒಪ್ಪಿದರೆ ಜೂನ್‌ನಲ್ಲಿ ಅತಿಥಿಗಳ ಪಟ್ಟಿಗೆ ಮೊದಲ ಹೆಸರು ನಿಂದೇ."

ಪ್ರತಿ ಜೂನ್‌ನಲ್ಲೂ ತನ್ನ ಕುರ್ಚಿ ಇದೆಯೋ ಇಲ್ಲವೋ ಅಂತ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಇಣುಕಿ ಒಳಗೆ ಕಾಲಿಡುವವನಿಗೆ ಇದಕ್ಕಿಂತ ದೊಡ್ಡ ಮಾತು ಬೇಕಾಗಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ 'ಕಡಲತೀರ' ಅಳಿಸಿ 'ಕಾಫಿ ತೋಟ' ಅಂತ ಹಾಕಿ ಟೀ ಕುಡಿಯಲು ಹೋಗುತ್ತಿದ್ದರು. ಚೇತನ್ ಬೀರು ತೆಗೆದು ಹಳೆಯ ಪ್ರಶ್ನೆಪತ್ರಿಕೆಗಳನ್ನು ನೆಲದ ಮೇಲೆ ಹರವಿಕೊಂಡ. ಪಾಠ ಗುರಿ ಮುಟ್ಟುತ್ತದೆ ಅನ್ನಬೇಕಾದರೆ ಅದನ್ನು ಪರೀಕ್ಷೆಯಲ್ಲಿ ಕೇಳಿರಬೇಕು, ಇಲ್ಲವೇ ತರಗತಿಯಲ್ಲಿ ಮಾಡಿಸಿರಬೇಕು. ಎರಡೂ ಇಲ್ಲದಿದ್ದರೆ ಅಂಕಿ ಇಲ್ಲ. ಇಷ್ಟೇ ಅವನ ನಿಯಮ.

ತರಗತಿಯೊಳಗೆ ನಿಜಕ್ಕೂ ಏನು ನಡೆಯುತ್ತದೆ ಅಂತ ಗೊತ್ತಿದ್ದವರು ಇಡೀ ಕಾಲೇಜಿನಲ್ಲಿ ಒಬ್ಬರೇ. ಇಪ್ಪತ್ತಾರು ವರ್ಷದಿಂದ ವರಾಂಡದ ಸ್ಟೂಲಿನಲ್ಲಿ ಕೂತು ಬೆಲ್ ಹೊಡೆಯುತ್ತಿದ್ದ ಅಟೆಂಡರ್ ಹುಚ್ಚಮ್ಮ.

"ಹುಚ್ಚಮ್ಮೋರೆ, ದೇರಪ್ಪ ಸಾರ್ ಕಂಪನಿ ಕಾನೂನಿನ ಕ್ಲಾಸಲ್ಲಿ ಹುಡುಗರ ಕೈಲಿ ಮಾತಾಡಿಸ್ತಾರಾ?"

"ಎಲ್ಲಿ ಸಾ? ಅವರೇ ಮಾತಾಡ್ತಾರೆ, ಹುಡುಗ್ರು ಎಸ್ ಸಾರ್ ಅಂತವೆ. ಅಲ್ಲಿ ಖಾಲಿ ಬುಡಿ. ಕಾನೂನು ಮಾತ್ರ ಅರೆದು ಕುಡಿಸ್ತಾರೆ, ಅದಕ್ಕೆ ಮೂರು ಹಾಕಿ."

"ಗುಂಪಾಗಿ ಕೆಲಸ ಮಾಡೋದು?"

"ಸ್ಟ್ಯಾಟಿಸ್ಟಿಕ್ಸ್ ಸೌಜನ್ಯ ಮೇಡಂದು. ಐದೈದು ಜನನ ಸಂತೆಗೆ ಕಳಿಸ್ತಾರೆ, ಮೆಣಸಿನ ರೇಟು ಬರ್ಕಂಬನ್ನಿ ಅಂತ. ಹೋಗೋವಾಗ ಕಿತ್ತಾಡ್ಕಂಡು ಹೋಯ್ತವೆ, ಬರೋವಾಗ ಒಂದೇ ಪೊಟ್ಟಣದಲ್ಲಿ ಕಡ್ಲೆಕಾಯಿ ತಿನ್ಕಂಡು ಬತ್ತವೆ."

ಚೇತನ್ ಸಂತೆಯ ವರದಿಗಳನ್ನು ತೆಗೆದು ನೋಡಿದ. ಹುಚ್ಚಮ್ಮ ಹೇಳಿದ್ದು ಸರಿಯಾಗಿತ್ತು. ಆಕೆ ಹೇಳಿದ ಒಂದೊಂದನ್ನೂ ಕಾಗದದ ಜೊತೆ ಹೋಲಿಸಿದ, ಒಂದೂ ತಪ್ಪಿರಲಿಲ್ಲ.

ಹನ್ನೆರಡಕ್ಕೆ ಕರೆಂಟ್ ಹೋಯಿತು. ಕಂಪ್ಯೂಟರಿನಲ್ಲಿದ್ದ ಪಟ್ಟಿಯೂ ಅದರ ಜೊತೆ ಹೋಯಿತು. ಚೇತನ್ ಕ್ರೀಡಾಕೂಟದ ಹಳೆಯ ಬ್ಯಾನರ್ ತಿರುಗಿಸಿ, ವರಾಂಡದ ಗೋಡೆಗೆ ಮೊಳೆ ಹೊಡೆದು, ಮಾರ್ಕರಿನಲ್ಲಿ ಮೊದಲಿನಿಂದ ಬರೆಯತೊಡಗಿದ. ಗೋಡೆಯ ಮೇಲೆ ಬಂದದ್ದು ಊರಿಗೆಲ್ಲ ಕಂಡಿತು.

ದೇರಪ್ಪನವರು ಊಟದ ಕೈ ಒರೆಸಿಕೊಳ್ಳುತ್ತಲೇ ಬಂದರು. "ಎಂಥ ಮಾರಾಯ ಇದು? ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಒಂದೇ ಒಂದು ಮೂರು?"

"ಅದು ನಿಮಗೆ ಕೊಟ್ಟ ಮಾರ್ಕ್ಸ್ ಅಲ್ಲ ಸಾರ್. ಪಾಠಕ್ಕೂ ಗುರಿಗೂ ಇರೋ ಸಂಬಂಧ."

"ಸಂಬಂಧ ಚೆನ್ನಾಗಿದೆ ಅಂತ ಬರಿ! ಸೌಜನ್ಯಗೆ ನಾಲ್ಕು ಮೂರು ಕೊಟ್ಟಿದ್ದಿ. ನಾಳೆ ನಾನು ಸ್ಟಾಫ್‌ರೂಮಲ್ಲಿ ಎಲ್ಲಿ ಕೂರೋದು?" ದೇರಪ್ಪನವರು ಮಾರ್ಕರಿಗೆ ಕೈ ಹಾಕಿದರು. ಚೇತನ್ ಬಿಡಲಿಲ್ಲ. ಎಳೆದಾಟದಲ್ಲಿ ಬ್ಯಾನರಿನ ನಡುವೆ ಮಡಿಕೇರಿ ರಸ್ತೆಯಂಥ ಡೊಂಕು ಗೀಟು ಬಿತ್ತು. ಅದಕ್ಕೆ ಬಿಳಿ ಹಾಳೆ ಅಂಟಿಸುವಷ್ಟರಲ್ಲಿ ಸೌಜನ್ಯ ಮೇಡಂ ಓಡಿಬಂದರು.

"ಚೇತನ್, ನಂಗೆ ನಾಲ್ಕು ಮೂರಾ? ಆಮೇಲೆ ಇರೋ ಬರೋ ಕೆಲಸ ಎಲ್ಲ ನನ್ನ ತಲೆಗೇ ಕಟ್ತಾರೆ. ದಯವಿಟ್ಟು ಎರಡು ಇಳಿಸಿ!"

ಅವನು ದೇರಪ್ಪನವರಿಗೆ ಏರಿಸಲಿಲ್ಲ, ಸೌಜನ್ಯರಿಗೆ ಇಳಿಸಲಿಲ್ಲ. ಕೊನೆಗೆ ತನ್ನದೇ ಪಾಠ ಬಂತು, 'ಗ್ರಾಮೀಣ ಮಾರುಕಟ್ಟೆ'. ಅವನು ಕಲಿಸುತ್ತಿದ್ದದ್ದು ಅದೊಂದನ್ನೇ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ, ಒಂದು, ಒಂದು, ಎರಡು ಅಂತ ಬರೆದ.

"ಅಯ್ಯೋ, ನಿಮ್ದಕ್ಕಾದ್ರೂ ಒಂದು ಮೂರು ಹಾಕ್ಕಳಿ ಸಾ," ಅಂದರು ಹುಚ್ಚಮ್ಮ.

"ನಾನು ಹೇಳೋದನ್ನ ಹುಡುಗರು ಸಂತೆಲೇ ಕಲಿತು ಬಂದಿರ್ತಾರೆ. ದೇರಪ್ಪ ಸಾರ್‌ಗೆ ಇಲ್ಲ ಅಂದು ನಾನು ಹಾಕ್ಕೊಳ್ಳೋಕಾಗುತ್ತಾ?"

ಇಂಥ ಮನುಷ್ಯ ಒಂದು ಕಾಲೇಜಿಗೆ ಒಬ್ಬ ಸಿಕ್ಕರೂ ಹೆಚ್ಚು. ಆ ಕಾಲೇಜಿಗೆ ಇಬ್ಬರು ಸಿಕ್ಕಿದ್ದರು, ಒಬ್ಬರು ಸ್ಟೂಲಿನ ಮೇಲಿದ್ದರು.

ಎರಡೂವರೆಗೆ ತಂಡ ಬಂತು. ಮುಖ್ಯಸ್ಥೆ ಪ್ರೊಫೆಸರ್ ಗುರುಸಿದ್ದಮ್ಮ ಬ್ಯಾನರಿನ ಎದುರು ನಿಂತವರು ಇಪ್ಪತ್ತು ನಿಮಿಷ ಕದಲಲಿಲ್ಲ. ಪರಮೇಶಪ್ಪನವರ ಹಣೆ ಬೆವರಿತು. "ಮೇಡಂ, ಖಾಲಿ ಇರೋದನ್ನೆಲ್ಲ ಸಂಜೆಯೊಳಗೆ ತುಂಬಿಸಿಬಿಡ್ತೀವಿ."

"ಮುಟ್ಟಬೇಡಿ! ನಲವತ್ತು ಕಾಲೇಜು ನೋಡಿದ್ದೀನಿ. ಎಲ್ಲ ಕಡೆ ಬರೀ ಮೂರು. ನಿಜವಾದ ಮ್ಯಾಪ್ ಅಂತ ನೋಡಿದ್ದು ಇದೊಂದೇ. ಯಾರು ಮಾಡಿದ್ದು?"

ಚೇತನ್‌ನನ್ನು ಮುಂದಕ್ಕೆ ತಳ್ಳಿದರು. ಚಪ್ಪಾಳೆ ಬಿತ್ತು. "ನಮ್ಮ ಹುಡುಗ," ಅಂದರು ದೇರಪ್ಪ. ಚೇತನ್ ನಾಚಿಕೊಂಡು ಹುಚ್ಚಮ್ಮನ ಕಡೆ ಕೈ ತೋರಿಸಿದ. ಗುರುಸಿದ್ದಮ್ಮ ಆಕೆಗೂ ಕೈ ಮುಗಿದರು.

"ಮ್ಯಾಪ್ ಇರೋದು ಗೋಡೆಯ ಅಂದಕ್ಕಲ್ಲ. ಅದು ತೋರಿಸಿದ ಕಡೆ ನಡೀಬೇಕು," ಅಂತ ಗುರುಸಿದ್ದಮ್ಮ ಪೆನ್ನಿನ ತುದಿ ಎತ್ತಿದರು. "ನೋಡಿ, ಹತ್ತನೇ ಗುರಿ, ಮಾತುಗಾರಿಕೆ. ಕೆಳಗೆ ಪೂರ್ತಿ ಖಾಲಿ. ಅದಕ್ಕೊಂದು ಹೊಸ ಪಾಠ ಬೇಕು. ಸಮಯ ಎಲ್ಲಿಂದ ತರೋದು? ಅದನ್ನೂ ಇದೇ ಹೇಳುತ್ತೆ. ಈ ಸಾಲಲ್ಲಿರೋದೆಲ್ಲ ಬೇರೆ ಪಾಠಗಳಲ್ಲಿ ಇನ್ನೂ ಚೆನ್ನಾಗಿ ಬಂದಿದೆ. ಕಾಲೇಜೇ ಆರಿಸಿಕೊಂಡ ಪಾಠ ತಾನೆ, ಜೂನ್‌ನಿಂದ ಕೈಬಿಡಿ."

ಪೆನ್ನಿನ ತುದಿ 'ಗ್ರಾಮೀಣ ಮಾರುಕಟ್ಟೆ'ಯ ಮೇಲೆ ನಿಂತಿತ್ತು.

ಹೊಸ ಪಾಠವನ್ನು ಕಾಯಂ ನೌಕರರಿಗೇ ಕೊಡಬೇಕು ಅಂತ ಅಲ್ಲೇ ತೀರ್ಮಾನವಾಯಿತು. ದೇರಪ್ಪನವರು ಎದೆ ಉಬ್ಬಿಸಿದರು. "ಮಾತಾಡೋದರಲ್ಲಿ ನನ್ನ ಬಿಟ್ಟರೆ ಯಾರಿದ್ದಾರೆ? ಚೇತನ್, ನೋಟ್ಸ್ ಒಂದು ನೀನು ಮಾಡಿಕೊಡು ಮಾರಾಯ."

ತಂಡದ ಜೀಪು ಗೇಟು ದಾಟಿದ ಮೇಲೆ ಪರಮೇಶಪ್ಪನವರು ಚೇತನ್‌ನ ಭುಜದ ಮೇಲೆ ಕೈಯಿಟ್ಟರು. "ಕೊಟ್ಟ ಮಾತು ತಪ್ಪಲ್ಲ ಕಣಯ್ಯ. ಪಟ್ಟಿಯಲ್ಲಿ ಮೊದಲ ಹೆಸರು ನಿಂದೇ ಬರೀತೀನಿ. ಅದರ ಮುಂದೆ ಪಾಠ ಯಾವುದು ಅಂತ ಬರೀಲಿ?"

ಚೇತನ್ ಬ್ಯಾನರಿನ ಮುಂದೆ ಹೋಗಿ ನಿಂತು, ತನ್ನ ಕೆಲಸದಲ್ಲಿ ಒಂದು ತಪ್ಪಾದರೂ ಸಿಗಲಿ ಅಂತ ಸಾಲುಸಾಲಾಗಿ, ಕೊನೆಯ ಬೆಲ್ ಹೊಡೆಯುವವರೆಗೂ ಹುಡುಕಿದ.

ಸಿಗಲಿಲ್ಲ.