ಔರಾದ ಕಡೆಯ ಗುಡ್ಡ ತಿನ್ನುವ ಹಳದಿ ಯಂತ್ರಕ್ಕೆ

ಮಾನ್ಯ ಮಣ್ಣು ಅಗೆಯುವ ಯಂತ್ರದವರೇ,

ಬೀದರಿನ ಮೈಲೂರಿನಲ್ಲಿ ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವ ವೈಜಿನಾಥನ ಶರಣು ಶರಣಾರ್ಥಿಗಳು. ತಮ್ಮ ಉಕ್ಕಿನ ಹಲ್ಲುಗಳು ಗಟ್ಟಿಯಾಗಿವೆ, ಡೀಸೆಲ್ಲು ಹೊತ್ತುಹೊತ್ತಿಗೆ ದೊರೆಯುತ್ತಿದೆ ಎಂದು ಭಾವಿಸಿ ಈ ಬಹಿರಂಗ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಚಳಿಗಾಲ ಬಂತೆಂದರೆ ನಾನೂ ನಮ್ಮ ಓಣಿಯ ಗೆಳೆಯರೂ ಮಂಕಿಟೋಪಿ ಹಾಕಿಕೊಂಡು ನಸುಕಿನ ಔರಾದ ಬಸ್ಸು ಹತ್ತಿ, ಠಾಣಾ ಕುಶನೂರ ದಾಟಿ ಇಳಿದು, ತೊಗರಿ ಹೊಲಗಳ ನಡುವೆ ನಡೆದು ಆ ಕೆಂಪು ಗುಡ್ಡ ಏರುವುದು ಮೊದಲಿನಿಂದಲೂ ರೂಢಿ. ಏರುವ ಮುನ್ನ, ಬುಡದಲ್ಲಿರುವ ದಾನಮ್ಮನವರ ಹೊಲದ ಬೇವಿನ ಮರದ ಕೆಳಗೆ ನಿಂತು, ಗುಡ್ಡದ ನೆತ್ತಿಯಿಂದ ಸೂರ್ಯ ಮೂಡುವ ಚಿತ್ರ ತೆಗೆಯುತ್ತೇನೆ. ವರ್ಷವೂ ಅದೇ ಮರ, ಅದೇ ಗುಡ್ಡ. ಮದುವೆಗಳಲ್ಲಿ ‘ಸ್ವಲ್ಪ ನಗ್ರಿ’ ಎಂದು ಬೇಡಿ ಬೇಡಿ ಬೇಸತ್ತ ನನಗೆ, ಹೇಳದೆಯೇ ಚೆಂದ ಕಾಣುವ ಗಿರಾಕಿ ಅದೊಂದೇ.

ರಸ್ತೆಗೆ ಹಾಸುವ ಮುರುಮ್ ಮಣ್ಣಿಗಾಗಿ ತಾವು ಅಲ್ಲಿ ಬಿಡಾರ ಹೂಡಿದ ಮೇಲೆ ಆಗಿರುವ ಉಪಕಾರಗಳನ್ನು ಹೇಗೆ ಮರೆಯಲಿ? ಮಂಡಿನೋವಿನ ನಮ್ಮ ಶಿವರಾಜಪ್ಪನವರು ಹಿಂದೆಲ್ಲ ಅರ್ಧ ದಾರಿಯಲ್ಲೇ ಕೂತುಬಿಡುತ್ತಿದ್ದರು. ಹೋದ ಸಲ ತುದಿ ಮುಟ್ಟಿ, “ವಯಸ್ಸು ಹಿಂದ ಹೊಂಟದ ನೋಡ್ರಿ ನಂದು!” ಎಂದು ಹಿಗ್ಗಿದರು. ಇಳಿದದ್ದು ಅವರ ವಯಸ್ಸಲ್ಲ, ಗುಡ್ಡ. ಭಾಲ್ಕಿಯ ಫೋಟೋ ಪ್ರದರ್ಶನಕ್ಕೆ ಮೂರು ಚಳಿಗಾಲಗಳ ಚಿತ್ರ ಕಳಿಸಿದ್ದೆ. ಮೂರು ಬೇರೆ ಬೇರೆ ಗುಡ್ಡ ತೋರಿಸಿ ಒಂದೇ ಎಂದು ಸುಳ್ಳು ಹೇಳಿದ್ದೀರೆಂದು ಬೈದು ಹಿಂದಿರುಗಿಸಿದರು. ಆದರೆ ಅದು ಹೋಗಲಿ. ದಾನಮ್ಮನವರ ಬಾವಿಗೆ ನೀರು ಇಳಿಯುವುದು ಆ ಗುಡ್ಡದಿಂದಲೇ, ಈಗ ಅವರ ಕೊಡಕ್ಕೆ ಹಗ್ಗ ಸಾಲುತ್ತಿಲ್ಲ.

ಆದ್ದರಿಂದ ಒಂದು ಚಿಕ್ಕ ಅರಿಕೆ. ಗುಡ್ಡದ ನೆತ್ತಿಯನ್ನು ತಾವು ಯಾವ ಯಾವ ಲೇಔಟಿನ ರಸ್ತೆಗೆ ಹಾಸಿದ್ದೀರೋ ಅಲ್ಲಿಂದೆಲ್ಲ ಕೆರೆದು ತಂದು, ಗಿಡ, ಕಲ್ಲು, ನವಿಲು ಸಮೇತ ಇದ್ದಲ್ಲಿಯೇ ಇರಿಸಿಕೊಡಬೇಕು. ಅದು ತ್ರಾಸದ ಕೆಲಸವೆನಿಸಿದರೆ, ಇನ್ನು ಮುಂದೆ ಸ್ವಲ್ಪ ತಗ್ಗಿನಿಂದ ಮೂಡುವಂತೆ ಸೂರ್ಯನಿಗಾದರೂ ತಾವೇ ತಿಳಿಸಬೇಕು.

ತಮ್ಮನ್ನು ನಡೆಸುತ್ತಿದ್ದ ವೀರಭದ್ರನ ವಿಷಯವನ್ನೂ ಇಲ್ಲಿ ನಿವೇದಿಸಬೇಕು. ಈ ಎಳ್ಳಮಾವಾಸ್ಯೆಯಂದು ಅವನೊಡನೆ ಜಗಳವಾಡಿಯೇ ತೀರಬೇಕೆಂದು ನಾವೆಲ್ಲ ತೋಳೇರಿಸಿ ಬಂದಿದ್ದೆವು. ಆದರೆ ಅಂದು ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ, ಹಾದಿಯಲ್ಲಿ ಹೋಗುವವರನ್ನೂ ಉಣಿಸದೆ ಬಿಡುವುದಿಲ್ಲ. ನಾವು ಬಾಯಿ ತೆರೆಯುವಷ್ಟರಲ್ಲಿ ದಾನಮ್ಮನವರು, “ಏ ತಮ್ಮಾ, ಇಳಿದು ಬಾ, ಇವತ್ತ ಯಾರೂ ಹಸಿದು ಇರಬಾರ್ದು” ಎಂದು ಕೂಗಿಬಿಟ್ಟರು. ಬಯ್ಯಲು ಬಂದ ನಾವೇ ಅವನಿಗೆ ಕಾಳು, ಸೊಪ್ಪು ಬೇಯಿಸಿದ ಬಜ್ಜಿ, ಸಜ್ಜೆ ರೊಟ್ಟಿ ಬಡಿಸಿ, ಅಂಬಲಿ ಸುರಿದೆವು. ಛೇ, ಎಂಥ ಜಗಳಗಂಟರು ನಾವು! ಅವನು ಎರಡನೆಯ ಸಲ ಬಡಿಸಿಕೊಂಡು ಉಂಡ, ಬಾವಿ ಇಣುಕಿದ, ಗುಡ್ಡದ ಕಡೆ ನೋಡಿದ. “ಅವ್ವಾ, ನಿಮ್ಮ ರೊಟ್ಟಿ ಉಂಡು ಇದೇ ಗುಡ್ಡಕ್ಕ ಹ್ಯಾಂಗ ಕೈ ಹಚ್ಚಲಿರಿ?” ಎಂದವನೇ, ಚಾವಿಯನ್ನು ಮಾಲೀಕರಿಗೆ ಒಪ್ಪಿಸಿ ಭಾಲ್ಕಿ ಬಸ್ಸು ಹತ್ತಿದ. ಅಂದಿನಿಂದ ತಾವು ಸೊಂಡಿಲು ಎತ್ತಿ ಸುಮ್ಮನೆ ನಿಂತಿದ್ದೀರಿ, ಮೇಲೆ ಬೆಳ್ಳಕ್ಕಿ ಕೂರುತ್ತವೆ. ನನ್ನ ಈ ವರ್ಷದ ಚಿತ್ರದಲ್ಲಿ ತಾವೂ ಇದ್ದೀರಿ, ಬಹಳ ಸೌಮ್ಯವಾಗಿ ಕಾಣುತ್ತೀರಿ.

ತಮ್ಮ ಹಲ್ಲುಗಳಿಗೆ ದೀರ್ಘ ವಿಶ್ರಾಂತಿ ಬಯಸುವ,
ತಮ್ಮ ವಿಶ್ವಾಸಿ,
ವೈಜಿನಾಥ, ಮೈಲೂರ, ಬೀದರ

ತಾ.ಕ.: ತಮಗೆ ಹೊಸ ಚಾಲಕರು ನೇಮಕವಾಗಿದ್ದಾರೆ, ನಾಳೆಯೇ ಬರುತ್ತಾರೆ ಎಂದು ಸುದ್ದಿ. ಸಂತೋಷ, ಅವಶ್ಯ ಬರಲಿ. ಎಳ್ಳಮಾವಾಸ್ಯೆ ಮುಗಿದಿದ್ದರೂ ದಾನಮ್ಮನವರು ಮತ್ತೆ ಸಜ್ಜೆ ಬೀಸಿಸಿಕೊಂಡು ಬಂದಿದ್ದಾರೆ.