ವಿಮೆ ಗುಮಾಸ್ತರಿಗೊಂದು ಹವ್ಯಾಸ

“ಬಿಪಿ ಏರಿದೆ. ಏನಾದ್ರೂ ಹವ್ಯಾಸ ಇಟ್ಕೊಳ್ಳಿ, ಮನಸ್ಸು ಹಗುರಾಗುತ್ತೆ. ಸಂಜೆ ಮತ್ತೆ ನೋಡ್ತೀನಿ. ಇಳೀದಿದ್ರೆ ಜೀವನಪೂರ್ತಿ ಮಾತ್ರೆ!”

ಬೆಳಿಗ್ಗೆ ಡಾಕ್ಟರು ಹೀಗೆಂದದ್ದೇ ತಡ, ವಿಮಾ ಕಚೇರಿಯ ಗುಮಾಸ್ತರು ಕುರ್ಚಿಯಿಂದ ಎದ್ದು ಹೊರಟೇಬಿಟ್ಟರು. ಇದೇ ಬಿಪಿಗೆ ಮಾತ್ರೆ ನುಂಗುತ್ತಿದ್ದ ಅಣ್ಣ ಹಲ್ಲುಜ್ಜುತ್ತಾ ನಿಂತಲ್ಲೇ ಕುಸಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮಾತ್ರೆ ಎಂದರೆ ಮುಂದಿನ ಸರದಿ ತಮ್ಮದೇ ಎಂಬ ಭಯ. ಹವ್ಯಾಸವೋ, ಅದೂ ಕಷ್ಟ. ಅಪಘಾತದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಕೊಡಿಸುವುದೇ ಅವರ ಕೆಲಸ. ಯಾವ ಹವ್ಯಾಸ ನೆನೆದರೂ ಅದರಿಂದ ಸತ್ತವರ ಕಡತವೇ ಕಣ್ಣ ಮುಂದೆ ಬರುತ್ತಿತ್ತು.

“ಈಜಿಗೆ ಬನ್ನಿ ಸಾರ್, ನಾನು ದಿನಾ ಹೋಗ್ತೀನಿ,” ಎಂದರು ಕಚೇರಿಯ ಕ್ಯಾಷಿಯರಮ್ಮ.

“ಅಯ್ಯೋ, ಬೇಡ ತಾಯಿ! ಮೊನ್ನೆ ಒಬ್ರು ಸೊಂಟದ ಮಟ್ಟದ ನೀರಲ್ಲೇ ಹೋಗ್ಬಿಟ್ರು. ಕಾಲು ಸೆಳೀತು, ಅಷ್ಟೇ!” ಗುಮಾಸ್ತರು ಇಡೀ ಕತೆ ಹೇಳಿದರು. ಕ್ಯಾಷಿಯರಮ್ಮ ತಮ್ಮ ಮೀನಖಂಡ ಒತ್ತಿ ನೋಡಿಕೊಂಡರು.

“ಸೈಕಲ್ ತುಳೀರಿ, ನನ್ನ ಹಾಗೆ,” ಎಂದರು ಮ್ಯಾನೇಜರು.

“ಬ್ರೇಕ್ ಹಿಡಿದ್ರೆ ಸೈಕಲ್ ನಿಲ್ಲುತ್ತೆ ಸಾರ್, ಮೇಲಿರೋನು ನಿಲ್ಲಲ್ಲ!” ಆ ನಿಲ್ಲದವನು ಬಿದ್ದ ಚರಂಡಿಯ ಆಳವನ್ನೂ ವಿವರಿಸಿದರು. ಮ್ಯಾನೇಜರ ಮುಖ ಬಿಳಿಚಿತು.

ಮನೆಗೆ ಬಂದರೆ ಪಕ್ಕದ ಮನೆ ತಾತ ಗಿಡಕ್ಕೆ ನೀರು ಹಾಕುತ್ತಿದ್ದರು. “ಗಿಡ ಬೆಳೆಸಪ್ಪ, ಅದರಲ್ಲೇನು ಭಯ?”

“ಹಾವು ತಾತ! ಕುಂಡದ ಅಡೀಲೇ ಇತ್ತಂತೆ ಪಾಪ!”

ತಾತ ನೀರಿನ ಡಬ್ಬ ಬಿಸಾಡಿ ಒಳಗೋಡಿದರು.

ಸಂಜೆಯಾದರೂ ಹವ್ಯಾಸ ಸಿಗಲಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಗುಮಾಸ್ತರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, “ಯಾವ ಹವ್ಯಾಸ ಹಿಡಿದ್ರಿ?” ಎಂದರು. ಹಿಡಿಯದಿರಲು ಕಾರಣವೇನೆಂದು ಗುಮಾಸ್ತರು ನೀರು, ಚರಂಡಿ, ಹಾವು ಎಲ್ಲವನ್ನೂ ಮತ್ತೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಬಿಪಿ ಯಂತ್ರದ ಮುಳ್ಳು ಸರಸರ ಇಳಿದಿತ್ತು.

“ಭಲೇ! ನಾರ್ಮಲ್! ಹೇಳ್ಕೊಂಡಷ್ಟೂ ನಿಮ್ಮ ಭಯ ಇಳಿಯುತ್ತೆ ಕಣ್ರೀ. ಇದೇ ನಿಮ್ಮ ಹವ್ಯಾಸ. ದಿನಾ ಯಾರಿಗಾದ್ರೂ ಹೇಳಿ, ಮಾತ್ರೆ ಬೇಡ.”

ಹೋದ ಜೀವ ಬಂದಂತಾಗಿ ಗುಮಾಸ್ತರು ಹೊರಬಂದರು. ಬೆಂಚಿನ ಮೇಲೆ ಕ್ಯಾಷಿಯರಮ್ಮ, ಮ್ಯಾನೇಜರು, ತಾತ ಮೂವರೂ ಎದೆ ಹಿಡಿದುಕೊಂಡು ಬಿಪಿ ತೋರಿಸಲು ಕೂತಿದ್ದರು.

“ಒಳ್ಳೇದಾಯ್ತು, ಕೇಳಿ! ಚೆಸ್ ಆಡ್ತಾ ಆಡ್ತಾ ಒಬ್ರು...”

ಮೂವರೂ ಎದ್ದು ಬಿದ್ದು ಓಡಿದರು. ಹೆಂಡತಿಗೆ ಫೋನ್ ಮಾಡಿದರೆ, “ಒಂದಕ್ಷರ ಮಾತಾಡಿದ್ರೆ ತವರಿಗೆ ಹೊರಟೆ!” ಎಂದು ಇಟ್ಟೇಬಿಟ್ಟಳು. ಮತ್ತೆ ಭಯ ಒತ್ತರಿಸಿ ಬಂತು. ಗುಮಾಸ್ತರು ಒಳಗೆ ನುಗ್ಗಿದರು.

“ನೀವಾದ್ರೂ ಕೇಳಿ ಡಾಕ್ಟ್ರೇ. ನಿಮ್ಮ ಹವ್ಯಾಸ ಏನು?”

“ಬ್ಯಾಡ್ಮಿಂಟನ್. ಈಗ ಹೊರಟೆ. ಯಾಕ್ರೀ?”

“ಅಯ್ಯೋ ದೇವರೇ!” ಗುಮಾಸ್ತರು ಕುರ್ಚಿ ಎಳೆದು ಕೂತರು.

ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಡಾಕ್ಟರು ಡ್ರಾಯರ್ ಎಳೆದು, ಒಂದು ಬಿಪಿ ಮಾತ್ರೆ ತಾವು ನುಂಗಿ, ಉಳಿದವನ್ನು ಗುಮಾಸ್ತರ ಜೇಬಿಗೆ ತುರುಕಿದರು.

“ದಿನಾ ಒಂದು. ಜೀವನಪೂರ್ತಿ. ದಯವಿಟ್ಟು ಬಾಯಿ ಮುಚ್ಚಿ!”